ಅಂಗನವಾಡಿ ಮಕ್ಕಳ ಹೊಲಭೇಟಿ: ತಂದೆತಾಯಿಯರೊಡನೆ ಒಂದು ದಿನ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಾಠ)



ಎಳ್ಳಮಾವಾಸ್ಯೆಯಂದು ಕಲಬುರಗಿ, ಬೀದರ್, ವಿಜಯಪುರ ಭಾಗದ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ತೆರಳಿ, ಭೂತಾಯಿಗೆ ಚರಗ ಚೆಲ್ಲಿ, ಬೆಳೆಯ ನಡುವೆಯೇ ಕುಳಿತು ಉಣ್ಣುತ್ತವೆ. ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದು ಈ ನಾಡಿಗೆ ಹೊಸದಾಗಿ ಕಲಿಸಬೇಕಾದ ಪದ್ಧತಿಯಲ್ಲ. ಆದರೆ ಭೂರಹಿತ ಕಾರ್ಮಿಕರ ಮಗುವಿಗೆ ಹೊಲವೆಂದರೆ ತಾಯಿ ಬೆಳಿಗ್ಗೆ ಕಳೆ ತೆಗೆಯಲು ಹೋಗಿ ಸಂಜೆ ದಣಿದು ಮರಳುವ ಸ್ಥಳ. ಚರಗದೂಟಕ್ಕೆ ಅಂಥವರನ್ನೂ ಕರೆಯುವ ಉದಾರಿಗಳು ಇಲ್ಲವೆಂದಲ್ಲ. ಒಬ್ಬರ ಔದಾರ್ಯದಿಂದ ಹೋಗುವುದು ಬೇರೆ, ತನ್ನ ಅಂಗನವಾಡಿಯ ಮಗುವಾಗಿ ಎಲ್ಲರೊಡನೆ ಸಮನಾಗಿ ಹೋಗುವುದು ಬೇರೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಪೂರಕ ಆಹಾರದಷ್ಟೇ ಶಾಲಾಪೂರ್ವ ಶಿಕ್ಷಣವೂ ಸೇರಿದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಒಂದು. ಆದ್ದರಿಂದ ಹೊಲಭೇಟಿಯನ್ನು ಕಾರ್ಯಕರ್ತೆಯೊಬ್ಬರ ಹೆಗಲಿಗೆ ಹೊರಿಸಿ ಪಂಚಾಯಿತಿ ದೂರ ನಿಲ್ಲುವಂತಿಲ್ಲ.

ಮೊದಲ ತೊಡಕು ಕೂಲಿಯದು. ಒಂದು ದಿನದ ಕೂಲಿ ಕಳೆದುಕೊಂಡು ತಾಯಿ ಬರಲಾರಳು. ಅವಳಿಲ್ಲದಿದ್ದರೆ ಈ ಭೇಟಿಗೆ ಅರ್ಧ ಬೆಲೆಯೂ ಇಲ್ಲ. ಜೋಳದ ತೆನೆ ಹಾಲುಗಟ್ಟುವುದು ಯಾವಾಗ, ಬೆಳೆ ಯಾವುದು, ಕಳೆ ಯಾವುದು, ಕಡಲೆ ಗಿಡ ಮುಟ್ಟಿದ ಬೆರಳು ಹುಳಿಯಾಗುವುದೇಕೆ ಎಂಬುದನ್ನು ಅಕ್ಷರ ಬಾರದ ತಾಯಿಯೂ ಬಲ್ಲಳು. ತನ್ನ ಅವ್ವ ಹತ್ತು ಮಕ್ಕಳ ನಡುವೆ ನಿಂತು ಪಾಠ ಹೇಳುವುದನ್ನು ಮಗು ಕಾಣುವ ಅವಕಾಶ ಬೇರೆಲ್ಲಿಯೂ ದೊರೆಯದು. ಹೀಗಾಗಿ ದಿನದ ಆಯ್ಕೆ ಮುಖ್ಯ. ಸೋಮವಾರ ಎತ್ತುಗಳಿಗೆ ನೊಗ ಹೂಡದ ಊರುಗಳಲ್ಲಿ ಅಂದೇ ಹೋಗುವುದು ಲೇಸು: ಎತ್ತು ಕೊಟ್ಟಿಗೆಯಲ್ಲಿರುತ್ತದೆ, ಮಗು ಅದರ ಗಂಗೆದೊಗಲನ್ನು ಸವರಬಹುದು, ರೈತನಿಗೂ ಬಿಡುವು. ಆದರೆ ಅಂದು ಕಳೆ, ಕೊಯ್ಲಿನ ಕೂಲಿಯೂ ನಿಲ್ಲುತ್ತದೆಯೇ ಎಂಬುದನ್ನು ತಾಯಂದಿರನ್ನೇ ಕೇಳಿ ತಿಳಿಯಬೇಕು.

ಎರಡನೆಯದು ಸುರಕ್ಷತೆ, ಇದರಲ್ಲಿ ರಿಯಾಯಿತಿ ಸಲ್ಲದು. ಕೃಷಿ ಹೊಂಡದ ಪ್ಲಾಸ್ಟಿಕ್ ಹೊದಿಕೆ ಜಾರುತ್ತದೆ. ಒಳಗೆ ಬಿದ್ದರೆ ದೊಡ್ಡವರೇ ಹತ್ತಿ ಬರಲು ಪರದಾಡುತ್ತಾರೆ. ಬೇಲಿಯಿಲ್ಲದ ಹೊಂಡವಿರುವ ಹೊಲ ಎಷ್ಟೇ ಸೊಗಸಾಗಿದ್ದರೂ ಬೇಡ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತವಾಗಿ ಮೇಲೆತ್ತಲಾಯಿತು. ಅಂತಹ ಅದೃಷ್ಟ ಎಲ್ಲ ಮಕ್ಕಳಿಗೂ ಒದಗಿಲ್ಲ. ಕಾಯಿಕೊರಕ ಹುಳುವಿಗೆಂದು ಕಡಲೆಗೆ ಔಷಧ ಸಿಂಪಡಿಸುವ ವಾಡಿಕೆಯಿದೆ. ಇತ್ತೀಚೆಗೆ ಸಿಂಪಡಿಸಿದ ಹೊಲಕ್ಕೆ ಮಕ್ಕಳು ಕಾಲಿಡಬಾರದು, ಖಾಲಿ ಬಾಟಲಿ ಬದುವಿನಲ್ಲಿಯೂ ಬಿದ್ದಿರಬಾರದು. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಪುಟ್ಟ ಕಾಲುಗಳು ನಡೆದು ತಲುಪುವಷ್ಟು ಹತ್ತಿರದ ಹೊಲವೇ ಸಾಕು.

ಇನ್ನು ಊಟದ ಮಾತು. ಕೇಂದ್ರದ ಬಿಸಿಯೂಟ ಅಂದು ಹೊಲಕ್ಕೇ ಹೋಗಲಿ. ಮನೆಯಿಂದ ಬುತ್ತಿ ತರಹೇಳಿದರೆ ಯಾರ ಬುತ್ತಿಯಲ್ಲಿ ಹೋಳಿಗೆ, ಯಾರ ಬುತ್ತಿಯಲ್ಲಿ ಬರಿ ರೊಟ್ಟಿ ಎಂಬುದು ಮಕ್ಕಳ ಕಣ್ಣಿಗೆ ಬೀಳುತ್ತದೆ. ಎಲ್ಲ ಕೇರಿಗಳ ತಾಯಂದಿರೂ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲು, ಒಂದೇ ಕೊಡದ ನೀರು ಕುಡಿಯಲು ಒಪ್ಪುವ ರೈತರ ಹೊಲವನ್ನೇ ಆರಿಸಬೇಕು. ಇದನ್ನು ಮುಂಚಿತವಾಗಿ, ಸ್ಪಷ್ಟವಾಗಿ ಕೇಳಲು ಸದಸ್ಯರು ಸಂಕೋಚಪಡಬಾರದು.

ಹೊಲ ಮತ್ತು ದಿನವನ್ನು ಬಾಲವಿಕಾಸ ಸಮಿತಿಯ ಸಭೆಯಲ್ಲಿ ನಿಗದಿಪಡಿಸತಕ್ಕದ್ದು. ಭೇಟಿಯ ಹಿಂದಿನ ದಿನ ಆ ವಾರ್ಡಿನ ಸದಸ್ಯರು ಕಾರ್ಯಕರ್ತೆಯೊಡನೆ ಹೊಲವನ್ನು ಒಮ್ಮೆ ಸುತ್ತಿ, ಹೊಂಡ, ಬಾವಿ, ವಿದ್ಯುತ್ ತಂತಿಗಳನ್ನು ಕಣ್ಣಾರೆ ನೋಡಿ, ಕಂಡದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು.