ಕೊಳಗ ಯಾರ ಕೈಯಲ್ಲಿ?

(ನವಲಿಯ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಕಾರರಿಗೆ ಸಂಘವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಕಾಗೋಡನ್ನು ನೆನಪು ಮಾಡಿಕೊಡುತ್ತೇನೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತರು. ಜಗಳ ಹುಟ್ಟಿದ್ದು ಒಂದು ಕೊಳಗದಿಂದ! ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಸರಿಯಾದ ಅಳತೆಯಲ್ಲಿ ಅಳೆಯಿರಿ ಎಂದದ್ದೇ ಅಪರಾಧವಾಯಿತು. ಉಳುವ ಹೊಲದಿಂದಲೇ ಹೊರಗೆ ಹಾಕಿದರು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಸತ್ಯಾಗ್ರಹಕ್ಕಿಳಿಯಿತು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಸೆರೆಯಾದರು.

ಉಳುವವನೇ ಒಡೆಯ ಎಂಬ ಮಾತು ಕಾಯ್ದೆಯಲ್ಲಿ ಗಟ್ಟಿಯಾಗಲು 1974ರ ಮಾರ್ಚ್ 1ರವರೆಗೆ ಕಾಯಬೇಕಾಯಿತು. ಗೇಣಿದಾರ 7ನೇ ನಮೂನೆ ತುಂಬಿ ಭೂಮಿ ಕೇಳಿದ. ದಿನಗೂಲಿಯವನು ಏನು ತುಂಬಬೇಕು? ಅವನು ಗೇಣಿ ಕೊಟ್ಟವನಲ್ಲ, ರಟ್ಟೆ ಕೊಟ್ಟವನು. ರಟ್ಟೆಗೆ ಪಹಣಿಯಿಲ್ಲ.

ಈಗ ನಮ್ಮೂರಿಗೆ ಬನ್ನಿರಿ. ಎಡದಂಡೆ ಕಾಲುವೆ ಬಂದು ಈ ಸೀಮೆ ನೆಲ್ಲಿನ ಸೀಮೆಯಾಯಿತು. ನೆಲ್ಲು ಹಚ್ಚುವ ಹೆಣ್ಣುಮಕ್ಕಳು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ. ಹೊಲದವರು ಹೇಳಿದ್ದೇ ಎಕರೆ ಎಂದಾದರೆ, ಕಾಗೋಡಿನ ಕೊಳಗ ಇಲ್ಲಿಗೂ ಬಂದಿತೆಂದು ತಿಳಿಯಿರಿ.

ಇದಕ್ಕಿಂತ ದೊಡ್ಡ ಲೆಕ್ಕ ಮುಂದಿದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿಯಿತು. ಆ ನಷ್ಟ ತುಂಬಲು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ವರ್ಷಗಳಿಂದ ನಡೆದಿದೆ. ನಾವು ನೀರಿನ ವೈರಿಗಳಲ್ಲ. ಆದರೆ ಹೊಲ ಮುಳುಗಿದರೆ ಹೊಲದವರಿಗೆ ಪರಿಹಾರ. ಆ ಹೊಲದಲ್ಲಿ ಕಳೆ ಕಿತ್ತವಳಿಗೆ?

2013ರ ಭೂಸ್ವಾಧೀನ ಕಾಯ್ದೆ ಆಕೆಯನ್ನು ಮರೆತಿಲ್ಲ. ಸ್ವಂತ ಭೂಮಿಯಿಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಬದುಕಿದ ಕೂಲಿ ಕುಟುಂಬವನ್ನೂ ಅದು ಬಾಧಿತ ಕುಟುಂಬವೆಂದು ಎಣಿಸುತ್ತದೆ. ಆದರೆ ಮೂರು ವರ್ಷ ದುಡಿದದ್ದಕ್ಕೆ ಪುರಾವೆ ಎಲ್ಲಿ ಎಂದು ಅಧಿಕಾರಿ ಕೇಳಿದರೆ ಏನು ತೋರಿಸುವಿರಿ? ಕೈಯ ಬೊಕ್ಕೆಯನ್ನೇ?

ಆದ್ದರಿಂದ ಸಂಘದ ಮೊದಲ ಕೆಲಸ ಒಂದು ಲೆಕ್ಕದ ಪುಸ್ತಕ. ಯಾರು ದುಡಿದರು, ಯಾರ ಹೊಲದಲ್ಲಿ, ಯಾವ ದಿನ, ಎಷ್ಟು ಕೂಲಿಗೆ ಎಂಬುದನ್ನೆಲ್ಲ ಬರೆಯಬೇಕು. ವಾರಕ್ಕೊಮ್ಮೆ ಎಲ್ಲರೆದುರು ಓದಿ ಹೇಳಬೇಕು. ಸಹಿಯೋ ಹೆಬ್ಬೆಟ್ಟೋ ಬೀಳಬೇಕು. ಮಾಸ್ತರಿಕೆ ಮಾಡಿದವನು ನಾನು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಶಾಲೆಯಲ್ಲಿ ಏನು ಬೆಲೆಯೆಂದು ಬಲ್ಲೆ.

ಗಿರಣಿಯ ಸಂಗಾತಿಗಳೆ, ಚೀಲದ ಎಣಿಕೆಗೆ ಹಮಾಲ ಕಣ್ಣಿಟ್ಟಿರುವಂತೆಯೇ ಆಳಿನ ಎಣಿಕೆಗೂ ಕಣ್ಣಿರಬೇಕು. ಬರೆಯಬಲ್ಲವರು ಬಂದು ಇವರಿಗೆ ನೆರವಾಗಿರಿ. ಅಂಗಡಿಕಾರ ಬಂಧುಗಳೆ, ಇವರ ಕೂಲಿ ಸಂಜೆಗೆ ನಿಮ್ಮ ತಕ್ಕಡಿಗೇ ಬರುತ್ತದೆ. ಇವರು ಗುಳೆ ಹೋದರೆ ನಿಮ್ಮ ಉದ್ರಿ ತೀರಿಸುವವರಾರು? ವರ್ಷ ವರ್ಷವೂ ಈ ಕುಟುಂಬ ಇಲ್ಲೇ ಬಾಳಿತೆಂಬುದಕ್ಕೆ ನಿಮ್ಮ ಉದ್ರಿ ಪುಸ್ತಕವೂ ಒಂದು ಸಾಕ್ಷಿ. ಅದನ್ನು ಜೋಪಾನವಾಗಿಡಿ, ಬೇಕಾದ ದಿನ ಮುಂದೆ ತನ್ನಿ.

ಸರ್ಕಾರದ ಗಣತಿ ಬರುವ ಮೊದಲೇ ನಮ್ಮ ಗಣತಿ ಮುಗಿದಿರಬೇಕು. ಗಂಡಸರ ಹೆಸರಿನ ಜೊತೆಗೇ ಹೆಂಗಸರ ಹೆಸರೂ ಬೇರೆಯಾಗಿ ಬರಲಿ. ಇವತ್ತೇ ಮೊದಲ ಪುಟ ತೆರೆಯೋಣ. ಮುಂದೆ ಬಂದು ಹೆಸರು ಬರೆಸಿರಿ.