ಕಬ್ಬಿಣದ ಗಣಿಗೆ ಹೋಗುವ ತಮ್ಮಂದಿರಿಗೆ ಎರಡು ಮಾತು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹನ್ನೊಂದಾಗಿದೆ. ಬೆಳಗಿನ ಪಾಳಿಯವರು ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸಬೇಕು. ಆದುದರಿಂದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ.

ಹೋದ ವಾರ ನಮ್ಮ ಖೋಲಿಯಲ್ಲಿ ಒಂದು ಜಗಳವಾಯಿತು. ಇಡ್ಲಿ ಹಿಟ್ಟು ರುಬ್ಬುವ ಕೆಲಸದ ಒಬ್ಬ ತಮ್ಮನಿಗೆ ಊರಿನಿಂದ ಫೋನು ಬಂದಿತ್ತು. ಅವನದು ಬಳ್ಳಾರಿ ಸೀಮೆ. ಸಂಡೂರಿನ ಕಡೆ ಕಬ್ಬಿಣದ ಗಣಿಯಲ್ಲಿ ಕೆಲಸವಿದೆಯಂತೆ, ಪಗಾರ ಇಲ್ಲಿಗಿಂತ ಹೆಚ್ಚಂತೆ, ತಾಯಿಯ ಹತ್ತಿರವೂ ಇದ್ದಂತಾಗುತ್ತದೆ. "ಅಣ್ಣಾ, ಹೋಗಲೋ ಬೇಡವೋ?" ಎಂದು ಕೇಳಿದ. ಪಕ್ಕದಲ್ಲಿ ಮಲಗಿದ್ದವನು, "ಗಣಿ ಎಂದರೆ ಗುಡ್ಡ ತಿನ್ನುವ ಕೆಲಸ, ಹೋಗಬೇಡ" ಎಂದ. ಇನ್ನೊಬ್ಬನು ಎದ್ದು ಕುಳಿತು, "ಗುಡ್ಡ ಉಳಿಸಿಕೊಂಡು ನಾವೇನು ಮಣ್ಣು ತಿನ್ನೋಣವೇ?" ಎಂದ. ಮಾತಿಗೆ ಮಾತು ಬೆಳೆಯಿತು. ನಾವು ಉತ್ತರ ಕೊಡಲಿಲ್ಲ, ಸಭೆಯಲ್ಲಿ ಹೇಳುತ್ತೇವೆ ಎಂದೆವು. ಆ ಉತ್ತರ ಹೇಳಲು ಇಂದು ನಿಂತಿದ್ದೇವೆ.

ಮೊದಲು ನಮ್ಮ ಅಡಿಗೆ ಮನೆಯ ಸಂಗತಿಯೊಂದನ್ನು ಹೇಳುತ್ತೇವೆ. ನಾವು ಏಳನೆಯ ತರಗತಿ ಮುಗಿಸಿ ಈ ಮುಂಬಯಿಗೆ ಬಂದವರು. ಒಂದು ಹೋಟೆಲಿನಲ್ಲಿ ವಡೆಯ ಬಾಣಲೆಯ ಹತ್ತಿರ ನೆಲವೆಲ್ಲ ಎಣ್ಣೆ, ನೀರು. ಜಾರಿ ಬಿದ್ದೆವು, ಮೊಣಕೈವರೆಗೆ ಸುಟ್ಟಿತು. ಮಾಲೀಕರು ಗಲ್ಲಾದಿಂದಲೇ, "ಕಣ್ಣು ಎಲ್ಲಿತ್ತು?" ಎಂದು ಕೇಳಿದರು. ನೆಲ ಹಾಗೇಕೆ ಇತ್ತು, ಒರೆಸುವುದಕ್ಕೆ ಒಬ್ಬ ಹುಡುಗನನ್ನು ಏಕೆ ಇಟ್ಟಿಲ್ಲ ಎಂದು ಯಾರೂ ಕೇಳಲಿಲ್ಲ. ಒಬ್ಬ ಹುಡುಗನ ಪಗಾರ ಉಳಿಯಿತು, ನಮ್ಮ ಕೈ ಸುಟ್ಟಿತು. ಗಣಿಯಲ್ಲಿ ನಡೆಯುವುದೂ ಇದೇ ಲೆಕ್ಕ. ಅಲ್ಲಿ ನೆಲದ ಬದಲು ಗುಡ್ಡವಿದೆ, ಅಷ್ಟೇ ವ್ಯತ್ಯಾಸ.

ಕಬ್ಬಿಣದ ಅದಿರನ್ನು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ತೆರೆದ ಗಣಿಯಲ್ಲಿ ತೆಗೆಯುತ್ತಾರೆ. ಮೇಲಿನ ಮಣ್ಣು ಸರಿಸಿ, ಬಂಡೆಗೆ ರಂಧ್ರ ಕೊರೆದು, ಮದ್ದು ಸಿಡಿಸಿ, ಯಂತ್ರದಿಂದ ಬಾಚಿ ಲಾರಿಗೆ ತುಂಬುತ್ತಾರೆ. ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಕೈಯಿಂದ ಅಗೆಯುವ ಕಡೆ ಮೆಟ್ಟಿಲಿನ ಎತ್ತರ 6 ಮೀಟರು ಮೀರಕೂಡದು, ಅಗಲ ಎತ್ತರಕ್ಕಿಂತ ಕಡಿಮೆ ಇರಕೂಡದು ಎಂದು 1961ರ ಲೋಹ ಗಣಿಗಳ ನಿಯಮಾವಳಿ ಹೇಳಿತು. ಏಕೆಂದು ನಮ್ಮ ಉಗ್ರಾಣದಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಅಟ್ಟಿಯ ಬುಡದಿಂದ ಅಕ್ಕಿ ಮೂಟೆ ಎಳೆದರೆ ಮೇಲಿನ ಮೂಟೆ ತಲೆಯ ಮೇಲೆ ಬರುತ್ತದಲ್ಲವೇ? ಅವಸರದ ಗಣಿಯಲ್ಲಿ ಬುಡದಲ್ಲಿರುವ ಒಳ್ಳೆಯ ಅದಿರನ್ನೇ ಕೆರೆಯುತ್ತಾರೆ. ಮೇಲಿನ ಮಣ್ಣು ತೆಗೆಯುವುದು ಖರ್ಚಿನ ಕೆಲಸ. ಆ ಖರ್ಚು ಉಳಿಸಿದವನು ಊರಲ್ಲಿರುತ್ತಾನೆ, ಗೋಡೆ ಕುಸಿದಾಗ ಕೆಳಗಿರುವವನು ಕೂಲಿಯವನು.

ಎರಡನೆಯದು ಧೂಳು. ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ದುಡಿದ ಹಿರಿಯರು ಬಲ್ಲರು. ಅದಿರಿನ ಕೆಂಪು ಧೂಳು ಕಣ್ಣಿಗೆ ಕಾಣುತ್ತದೆ. ಅದಿರಿನ ಜೊತೆಗಿರುವ ಬಿಳಿಗಲ್ಲಿನ ನುಣುಪಾದ ಧೂಳು ಕಾಣುವುದಿಲ್ಲ, ಅದೇ ಹೆಚ್ಚು ಕೆಟ್ಟದ್ದು. ಅದು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ಎಂಬ ರೋಗ ತರುತ್ತದೆ. ಬಂದ ಮೇಲೆ ಗುಣವಿಲ್ಲ. ಬಾರದಂತೆ ನೋಡಿಕೊಳ್ಳುವುದು ಮಾತ್ರ ಸಾಧ್ಯ. ಕೊರೆಯುವಾಗ ನೀರು ಬಿಡಬೇಕು, ರಸ್ತೆಗೆ ನೀರು ಹೊಡೆಯಬೇಕು, ಲಾರಿಗೆ ಹೊದಿಕೆ ಬಿಗಿಯಬೇಕು, ಕೆಲಸಗಾರನ ಎದೆಯ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ನೀರಿನ ಟ್ಯಾಂಕರು, ಡಾಕ್ಟರು, ತಾಡಪತ್ರಿ ಇಷ್ಟೇ ಬೇಕಾದದ್ದು.

ಈಗ ಒಂದು ವಿಷಯ ಗಮನಿಸಿ. ಲಾರಿಯ ಹೊದಿಕೆ ಚಾಲಕನ ಎದೆಯನ್ನು ಕಾಯುತ್ತದೆ, ರಸ್ತೆ ಪಕ್ಕದ ಹೊಲದ ಬೆಳೆಯನ್ನೂ ಕಾಯುತ್ತದೆ. ಮೆಟ್ಟಿಲು ಸರಿಯಾಗಿದ್ದರೆ ಕೂಲಿಯವನ ತಲೆಯೂ ಉಳಿಯುತ್ತದೆ, ಮಳೆಗೆ ಗುಡ್ಡದ ಮಣ್ಣು ಹಳ್ಳಕ್ಕೆ ಇಳಿಯುವುದೂ ಕಡಿಮೆಯಾಗುತ್ತದೆ. ಕೆಲಸಗಾರನ ರಕ್ಷಣೆ ಒಂದು, ನೆಲದ ರಕ್ಷಣೆ ಇನ್ನೊಂದು ಎಂದು ಹೇಳುವುದು ನಮ್ಮನ್ನೂ ರೈತರನ್ನೂ ಜಗಳಕ್ಕೆ ಬಿಡುವ ಉಪಾಯ. ನಮ್ಮ ಖೋಲಿಯ ಜಗಳವೂ ಇದೇ ಆಗಿತ್ತು.

ಬಳ್ಳಾರಿಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳೋಣ. 2003ರ ನಂತರ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಹೊಸಪೇಟೆ, ಸಂಡೂರು, ಬಳ್ಳಾರಿಗಳ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಗುತ್ತಿಗೆಯ ಗಡಿ ದಾಟಿ ಕಾಡಿನಲ್ಲಿ ಅಗೆದರು, ಮಿತಿ ಮೀರಿ ಭಾರ ಹೇರಿದರು, ತೆಗೆದ ಮಣ್ಣನ್ನು ಇಳಿಜಾರಿಗೆ ಸುರಿದರು. ಮಕ್ಕಳೂ ಅದಿರು ಒಡೆಯುವ ಕೆಲಸಕ್ಕೆ ಇಳಿದಿದ್ದರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರಲ್ಲಿಯೂ 2011ರಲ್ಲಿಯೂ ವರದಿ ಕೊಟ್ಟರು. ಸರಕಾರದ ಬೊಕ್ಕಸಕ್ಕೆ ಆದ ನಷ್ಟವನ್ನು ಎರಡನೆಯ ವರದಿ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಎಂದು ಲೆಕ್ಕ ಹಾಕಿತು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲಿಯೂ ನಿಂತಿತು. ಲಾರಿ ಚಾಲಕ, ಕ್ಲೀನರ್, ಹೊರೆ ತುಂಬುವವ, ರಸ್ತೆ ಬದಿಯಲ್ಲಿ ಚಹಾ ಮಾರುವವ, ಎಲ್ಲರ ಕೆಲಸವೂ ಹೋಯಿತು. ನೇಮಕದ ಚೀಟಿಯೇ ಇಲ್ಲದವನು ಪರಿಹಾರವನ್ನು ಯಾರ ಬಾಗಿಲಲ್ಲಿ ಕೇಳಬೇಕು? 1982ರ ಮುಷ್ಕರದ ಮೇಲೆ ಬಾಗಿಲು ಮುಚ್ಚಿದ ಗಿರಣಿಗಳ ಮುಂದೆ ನಿಂತ ಹಿರಿಯರು ಇಲ್ಲಿದ್ದಾರೆ. ನೌಕರಿಯ ದಾಖಲೆ ಕೈಯಲ್ಲಿಲ್ಲದವನ ಗತಿ ಏನೆಂದು ಅವರನ್ನು ಕೇಳಿ.

ಕೋರ್ಟು ಕೆಲಸ ಕಸಿಯಿತು ಎಂದು ಕೆಲವರು ಹೇಳುತ್ತಾರೆ. ನಮ್ಮ ತಿಳಿವಳಿಕೆಯಲ್ಲಿ, ನಿಯಮ ಮುರಿದು ಅಗೆದವರೇ ಆ ಕೆಲಸವನ್ನು ಮೊದಲು ಕಸಿದರು. ಕೋರ್ಟು ಗಣಿಗಳನ್ನು ತಪ್ಪಿನ ಪ್ರಮಾಣ ನೋಡಿ ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದವರ ಗುತ್ತಿಗೆ ರದ್ದಾಯಿತು. ಉಳಿದವರು ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿದ ಮೇಲೆಯೇ ಕೆಲಸ ಆರಂಭಿಸಬೇಕಾಯಿತು. ಮಣ್ಣಿನ ರಾಶಿಗೆ ತಡೆಗೋಡೆ, ಸುತ್ತ ಚರಂಡಿ, ಹೂಳು ತಡೆಯುವ ಒಡ್ಡು, ಮೇಲೆ ಗಿಡ. ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿಯೂ ಬಂತು: ಬಳ್ಳಾರಿಗೆ 2.5 ಕೋಟಿ ಟನ್ನು, ಚಿತ್ರದುರ್ಗ ತುಮಕೂರುಗಳಿಗೆ ಕೂಡಿ 50 ಲಕ್ಷ ಟನ್ನು. ಮುಂದೆ ಈ ಮಿತಿಯನ್ನು ಹೆಚ್ಚಿಸಿದರು. 2022ರಲ್ಲಿ ಅದು 3.5 ಕೋಟಿ ಮತ್ತು 1.5 ಕೋಟಿ ಟನ್ನಿಗೆ ಏರಿತು. ಮಿತಿಯಿದ್ದರೆ ಮಗನಿಗೂ ಕೆಲಸವಿರುತ್ತದೆ. ಹತ್ತು ವರ್ಷದಲ್ಲಿ ಬರಿದು ಮಾಡಿದ ಗುಡ್ಡ ಮೊಮ್ಮಗನಿಗೆ ಪಗಾರ ಕೊಡುವುದಿಲ್ಲ.

ಕರಾವಳಿ, ಮಲೆನಾಡಿನ ಬಂಧುಗಳಿಗೆ ಕುದುರೆಮುಖದ ಕಥೆ ಗೊತ್ತೇ ಇದೆ. 1976ರಲ್ಲಿ ಕಂಪನಿಯಾಯಿತು, ಅರೆದ ಅದಿರು ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಬೆಟ್ಟಗಳಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿತು, ನಿಂತಿತು. ಕೆಲವು ಜಾಗ ಗಣಿಗೆ ತಕ್ಕದ್ದಲ್ಲ ಎಂಬುದನ್ನೂ ಒಪ್ಪಲೇಬೇಕು. ಆದರೆ ಗಣಿ ನಿಂತ ಮೇಲೂ ಅದಿರು ತೊಳೆದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಹಾಗೆಯೇ ಇದೆ. ಅದನ್ನು ಕಾಯುವವರು ಎಂದೆಂದಿಗೂ ಬೇಕು.

ಅಂಥ ಕೆಸರನ್ನು ಕಾಯದಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ಬ್ರೆಜಿಲ್ ದೇಶವನ್ನು ನೋಡಿ. ಇದನ್ನು ಹೋಟೆಲಿನವರು ಮುಖ್ಯವಾಗಿ ಕೇಳಬೇಕು. ಬ್ರುಮಾಡಿನ್ಯೋ ಎಂಬ ಊರಿನ ಕಬ್ಬಿಣದ ಗಣಿಯಲ್ಲಿ 2019ರ ಜನವರಿ 25ರಂದು ಕೆಸರಿನ ಅಣೆಕಟ್ಟು ಒಡೆಯಿತು. ಆಗ ಮಧ್ಯಾಹ್ನದ ಊಟದ ಹೊತ್ತು. ಗಣಿಯ ಕ್ಯಾಂಟೀನು ಆ ಅಣೆಕಟ್ಟಿನ ಕೆಳಗೇ ಇತ್ತು. ಅಪಾಯದ ಸೈರನ್ ಕೂಗಲಿಲ್ಲ. ಅಣೆಕಟ್ಟು ಭದ್ರವಾಗಿದೆ ಎಂಬ ಸರ್ಟಿಫಿಕೇಟು ಮಾತ್ರ ಕಚೇರಿಯಲ್ಲಿತ್ತು. 270 ಜನ ಸತ್ತರು. ಕ್ಯಾಂಟೀನು ಎಲ್ಲಿ ಕಟ್ಟಬೇಕೆಂದು ಅಲ್ಲಿ ಬಡಿಸುವವರನ್ನೂ ಉಣ್ಣುವವರನ್ನೂ ಯಾರು ಕೇಳಿದ್ದರು?

ಆದುದರಿಂದ ನಮ್ಮ ತಮ್ಮನಿಗೆ ನಮ್ಮ ಉತ್ತರ ಇದು. ಹೋಗು, ಆದರೆ ಕೇಳಿಕೊಂಡು ಹೋಗು.

ಒಂದು, ನೇಮಕದ ಪತ್ರ ಕೊಡುತ್ತಾರೆಯೇ? 1952ರ ಗಣಿ ಕಾಯಿದೆಯನ್ನು ಒಳಗೊಂಡ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ನೇಮಕದ ಪತ್ರ ಕೊಡಲೇಬೇಕೆಂದಿದೆ. ಗುತ್ತೆದಾರನ ಬಾಯಿಮಾತು ಸಾಲದು.

ಎರಡು, ಕೆಲಸಕ್ಕೆ ಇಳಿಸುವ ಮೊದಲು ತರಬೇತಿ, ವೈದ್ಯರ ತಪಾಸಣೆ ಇದೆಯೇ? ಎದೆಯ ಚಿತ್ರದ ಪ್ರತಿ ನಿನ್ನ ಕೈಗೆ ಬರುತ್ತದೆಯೇ? ಮೊದಲ ದಿನದ ಆ ಚಿತ್ರ ಜೋಪಾನ ಮಾಡು. ಹತ್ತು ವರ್ಷದ ಮೇಲೆ ರೋಗ ಎಲ್ಲಿಂದ ಬಂತೆಂದು ಅದು ಸಾಕ್ಷಿ ಹೇಳುತ್ತದೆ.

ಮೂರು, ಗಣಿ ರಸ್ತೆಯ ಕಣಿವೆ ಬದಿಗೆ ಲಾರಿಯ ಚಕ್ರ ತಡೆಯುವಷ್ಟು ಎತ್ತರದ ಮಣ್ಣಿನ ಬದು ಇದೆಯೇ? ಮೆಟ್ಟಿಲುಗಳು ಕಣ್ಣಿಗೆ ಕಾಣುತ್ತವೆಯೇ? ಮದ್ದು ಸಿಡಿಸುವ ಹೊತ್ತಿಗೆ ಎಚ್ಚರಿಕೆ ಕೊಡುತ್ತಾರೆಯೇ?

ನಾಲ್ಕು, ಹದಿನೆಂಟು ತುಂಬದ ಹುಡುಗರು ಅಲ್ಲಿ ಕಂಡರೆ ಆ ಗಣಿಯಿಂದ ಹಿಂದಿರುಗಿ ಬಾ. ಅಲ್ಲಿ ಬೇರೆ ಯಾವ ನಿಯಮವೂ ನಡೆಯುವುದಿಲ್ಲ.

ಐದು, ಕೆಲಸಗಾರರ ಸಂಘವಿದೆಯೇ? ಇಲ್ಲದಿದ್ದರೆ, ಕಟ್ಟುವುದು ಹೇಗೆಂದು ಈ ಖೋಲಿಯಲ್ಲಿ ನೀನು ಕಲಿತಿದ್ದೀಯೆ.

ಊರಲ್ಲಿ ಇರುವವರಿಗೂ ಒಂದು ಮಾತು. 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಹಳೆಯ ಗುತ್ತಿಗೆದಾರರು ರಾಜಧನದ ಮೇಲೆ ಶೇಕಡಾ 30ರಷ್ಟನ್ನೂ, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನೂ ಅದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಗೊಳಗಾದ ಹಳ್ಳಿಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಆ ಹಣ. ರಜೆಗೆ ಊರಿಗೆ ಹೋದಾಗ ಜಾತ್ರೆ ಮುಗಿಸಿ ಸುಮ್ಮನೆ ಬರಬೇಡಿ. ನಮ್ಮ ಹಳ್ಳಿಗೆ ಬಂದದ್ದೆಷ್ಟು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ.

ನಮ್ಮ ದೋಸೆಯ ಕಾವಲಿ ಕಬ್ಬಿಣದ್ದು, ನಾವು ಹತ್ತುವ ಲೋಕಲ್ ಗಾಡಿಯ ಹಳಿ ಕಬ್ಬಿಣದಿಂದಾದದ್ದು. ಕಬ್ಬಿಣ ಬೇಡವೆಂದು ನಾವು ಹೇಳಲಾರೆವು. ಅದನ್ನು ತೆಗೆಯುವವನು ಸಂಜೆ ಮನೆಗೆ ಹೋಗಬೇಕು, ಅವನ ಮನೆಯ ಬಾವಿಯಲ್ಲಿ ನೀರಿರಬೇಕು ಎಂದು ಮಾತ್ರ ಹೇಳುತ್ತೇವೆ.

ತಮ್ಮ ಮುಂದಿನ ವಾರ ಹೊರಡುತ್ತಾನೆ. ಈ ಐದು ಪ್ರಶ್ನೆಗಳನ್ನು ಬರೆದ ಹಾಳೆ ಅವನ ಜೇಬಿನಲ್ಲಿದೆ. ಉತ್ತರ ಬಂದ ಮೇಲೆ ಈ ಪತ್ರಿಕೆಯಲ್ಲಿ ತಿಳಿಸುತ್ತೇವೆ. ಒಲೆಯ ಹೊತ್ತಾಗುತ್ತ ಬಂತು.