“ಎಲ್ಲಾ ಕಾಗದ ತಗೊಂಡ್ ಬರ್ರಿ” ಅಂದ್ರ ಯಾವ ಕಾಗದ?

(ವಾಳಪೈಯಲ್ಲಿ ಕನ್ನಡ ಯುವಕರ ಮುಂದೆ ಆಡಿದ ಮಾತು)

ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿರೋರು. ಇಲ್ಲೇ ವಾಳಪೈಯಲ್ಲಿ ನಮ್ಮ ಗೆಳೆಯಂದು ಒಂದು ಸಣ್ಣ ಟ್ಯಾಕ್ಸ್ ಆಫೀಸ್ ಐತಿ. ರವಿವಾರ ಅಲ್ಲಿ ಕೂತು ನಮ್ಮ ಜನರ ಕಾಗದಪತ್ರ ನೋಡಿಕೊಡ್ತೀವಿ. ಚೋರ್ಲಾ ಘಾಟ್ ಇಳಿದು ದುಡಿಯಾಕ ಬಂದ ಗೌಂಡಿಗಳು, ಗಾಡಿ ಓಡಿಸೋರು, ಕಿರಾಣಿ ಅಂಗಡಿಯವರು ಬರ್ತಾರ.

ಒಬ್ಬ ಗೌಂಡಿ ಕಾಕಾ ಬಂದಿದ್ರು. ವರ್ಷಕ್ಕ 6 ಲಕ್ಷದ ಕೆಲಸ. ಕಾಂಟ್ರಾಕ್ಟರ್ ಶೇ. 1ರಂತೆ 6,000 ರೂಪಾಯಿ ಟಿಡಿಎಸ್ ಹಿಡಿದಿದ್ದ. ಕಾಕಾಗೆ ತೆರಿಗೆಯೇ ಬೀಳೋದಿಲ್ಲ, ಅಂದ್ರ ರಿಟರ್ನ್ ಹಾಕಿದ್ರ ಅಷ್ಟೂ ವಾಪಸ್ ಬರಬೇಕು. ಕಡೇ ದಿನ ಗಡಿಬಿಡಿಯಲ್ಲಿ ಹಾಕಿದ್ವಿ. ದುಡ್ಡು ಬರಲಿಲ್ಲ.

ಅವರು ತಂದಿದ್ದು ಊರಿನ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೇ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಗಿತ್ತು, ಐಎಫ್‌ಎಸ್‌ಸಿ ಕೋಡೂ ಬದಲಾಗಿತ್ತು. ಪೋರ್ಟಲ್‌ನಲ್ಲಿದ್ದ ಮೊಬೈಲ್ ನಂಬರ್ ಯಾವುದೋ ಸೈಬರ್ ಅಂಗಡಿಯವನದು. ರೀಫಂಡ್ ಫೇಲಾದ ಮೆಸೇಜ್ ಅಲ್ಲಿಗೆ ಹೋಯ್ತು. ಆಮೇಲೆ ಹೊಸ ಪಾಸ್‌ಬುಕ್ ತರಿಸಿ ಮತ್ತೆ ಕೇಳಿದಾಗ ದುಡ್ಡು ಬಂತು. ಅಷ್ಟರಾಗ ಕಾಕಾ ಮಗಳ ಕಾಲೇಜ್ ಫೀಗೆ ಬಡ್ಡಿಗೆ ಸಾಲ ತಂದಿದ್ರು.

ತಪ್ಪು ನಮ್ದು. “ಎಲ್ಲಾ ಕಾಗದ ತಗೊಂಡ್ ಬರ್ರಿ” ಅಂದಿದ್ವಿ. ಅವರಿಗೆ ಗೊತ್ತಿದ್ದಷ್ಟು ಎಲ್ಲಾ ತಂದಿದ್ರು.

ಈಗ ಕಾಗದದ ಹೆಸರು ಹೇಳಿ, ಯಾಕೆ ಬೇಕು ಅಂತ ತಿಳಿಸಿ, ಕನ್ನಡದಾಗೇ ಕೇಳ್ತೀವಿ:

1. ಪ್ಯಾನ್, ಆಧಾರ್ – ಎರಡರಾಗೂ ಹೆಸರು ಒಂದೇ ಇರಬೇಕು, ಲಿಂಕ್ ಆಗಿರಬೇಕು. ಇಲ್ಲಂದ್ರ ರೀಫಂಡ್ ಇಲ್ಲ.
2. ಊರಿಂದೂ ಸೇರಿ ಎಲ್ಲಾ ಖಾತೆಯ ಸ್ಟೇಟ್‌ಮೆಂಟ್, ಏಪ್ರಿಲ್ 1ರಿಂದ ಮಾರ್ಚ್ 31ರ ತನಕ. ಬಡ್ಡಿ ಬಂದದ್ದು ಇಲಾಖೆಗೆ ಮೊದಲೇ ಗೊತ್ತಿರ್ತದ.
3. ಪಗಾರದವರು ಫಾರ್ಮ್ 16, ಕಾಂಟ್ರಾಕ್ಟ್ ಕೆಲಸದವರು ಫಾರ್ಮ್ 16ಎ.
4. ಸ್ವಂತ ಮೊಬೈಲ್ ನಂಬರ್. ನೋಟಿಸ್ ಬಂದ್ರ ನಿಮ್ಮ ಕೈಗೇ ಬರಬೇಕು.

ಒಂದು ಕಾಗದ ಕಮ್ಮಿ ಇದ್ರೂ ಕೆಲಸ ಶುರು ಮಾಡಂಗಿಲ್ಲ. ಹಂಗಂತ ಬೈದು ಕಳಿಸಂಗಿಲ್ಲ. ಏನು ಬೇಕು ಅಂತ ಚೀಟಿ ಬರೆದು ಕೊಡ್ತೀವಿ. ಓದಾಕ ಬಾರದವರಿಗೆ ವಾಟ್ಸಾಪ್‌ನಾಗ ದನಿ ಕಳಿಸ್ತೀವಿ.

ಪಗಾರದವರಿಗೆ ಗಡುವು ಜುಲೈ 31. ಫಾರ್ಮ್ 16 ಜೂನ್ 15ರೊಳಗೆ ಸಿಗಬೇಕು, ತರಾಕ ಇನ್ನೂ ಒಂದೂವರೆ ತಿಂಗಳು ಇರ್ತದ. “ಸರ್ಕಾರ ತಾರೀಖು ಮುಂದೂಡ್ತದ ಬಿಡ್ರಿ” ಅಂತಾರ. 2025ರಲ್ಲಿ ಸೆಪ್ಟೆಂಬರ್ 16ಕ್ಕೆ ಹೋಯ್ತು, ಖರೆ. 2024ರಲ್ಲಿ ಜುಲೈ 31 ಅಂದ್ರ ಜುಲೈ 31. ನಂಬಿ ಕೂತವರು ಲೇಟ್ ಫೀ ಕಟ್ಟಿದ್ರು.

ಗಡಿ ತಾಲೂಕಿನ ತಮ್ಮ-ತಂಗಿಯರೇ, ನಿಮ್ಮ ಅಪ್ಪ, ಕಾಕಾ ಎಲ್ಲೋ ದುಡಿತಿರ್ತಾರ. ಈ ನಾಲ್ಕು ಕಾಗದ ಒಂದು ಫೈಲಿನಾಗ ಹಾಕಿಡ್ರಿ, ಪಾಸ್‌ಬುಕ್ ಹಳೇದಾ ನೋಡ್ರಿ. ಕಾಮರ್ಸ್ ಓದಬೇಕಂತಿಲ್ಲ, ಒಂದು ರವಿವಾರ ಸಾಕು. ಬೆವರು ಸುರಿಸಿದ ದುಡ್ಡು, ಮನೀಗೆ ಬರಲಿ.